ದೂರದ ಓಟದ ಗಾಡಿ ಮತ್ತು ಅಮೃತಮಹಲಿನ ಎತ್ತು
(ಬಾನುಲಿ ಭಾಷಣ)

೧೯೬೮ರ ನವೆಂಬರ್ ೨೪ರಂದು ಲಂಡನ್ನಿನಿಂದ ೯೮ ಮೋಟಾರು ಕಾರುಗಳು ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆಂದು ಹೊರಟವು. ಪ್ಯಾರಿಸ್, ಬೆಲ್‌ಗ್ರೇಡ್, ಇಸ್ತಾಂಬುಲ್, ಟೆಹರಾನ್, ಕಾಬೂಲ್‌ಗಳನ್ನು ಹಾದು, ದೆಹಲಿಯ ಮೇಲೆ ಮುಂಬಯಿಯ ಬಂದರಿಗೆ ಬರುವುದು. ಅಲ್ಲಿಂದ ಹಡಗನ್ನೇರಿ ಆಸ್ಟ್ರೇಲಿಯದ ಪಶ್ಚಿಮ ತೀರವನ್ನು ಸೇರುವುದು. ಮತ್ತೆ ಇಡೀ ಖಂಡವನ್ನು ಅಡ್ಡಹಾಯ್ದು ಸಿಡ್ನಿಯನ್ನು ಮುಟ್ಟುವುದು. ಇದು ಪಂದ್ಯದ ದಾರಿ. ಮುಂಬಯಿಯನ್ನು ಸೇರಿದವು ೭೨ ಕಾರುಗಳು. ಕೊನೆಯ ದಿನದವರೆಗೂ ಮುಂದಿದ್ದ ಸಿಟ್ರೊಯೆನ್ ಕಾರು ಗುರಿ ಹತ್ತಿರವಾದಾಗ ಎದುರಿನಿಂದ ಬಂದ ಇನ್ನೊಂದು ಗಾಡಿಗೆ ಢಿಕ್ಕಿ ಹೊಡೆದು ನುಜ್ಜುಗುಜ್ಜಾಯಿತು. ಗೆದ್ದದ್ದು ಹಿಲ್‌ಮನ್ ಹಂಟರ್ ಎಂಬ ಕಾರು. ಓಡಿಸಿದವರು ಆಂಡ್ರೂ ಕೋವನ್ ಮತ್ತು ಅವರ ಇಬ್ಬರು ಸಂಗಾತಿಗಳು.

ಹಂಟರ್ ಕಾರು ಪಂದ್ಯಕ್ಕೆಂದೇ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಮಧ್ಯಮ ವರ್ಗದ ಗೃಹಸ್ಥನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಪೇಟೆಗೆ ಹೋಗಿಬರಲು ಕೊಳ್ಳುತ್ತಿದ್ದ ಸಾಧಾರಣ ಗಾಡಿ ಅದು. ಅದೇ ಅಚ್ಚಿನ ಕಾರು 'ಪೈಕಾನ್' ಎಂಬ ಹೆಸರಿನಲ್ಲಿ ಇರಾನಿನ ಬೀದಿಬೀದಿಗಳಲ್ಲಿ ಬಾಡಿಗೆಗೆ ಓಡಾಡಿತು. ಇಂಥ ಗಾಡಿಯನ್ನು ದೂರದ ಓಟಕ್ಕೆ ಅಣಿಗೊಳಿಸುವವರು ಮಾಡುವ ಕೆಲಸವೇನು? ಮೈಕಟ್ಟಿನ ಬೆಸುಗೆಗಳನ್ನು ಬಿಗಿಗೊಳಿಸುತ್ತಾರೆ. ಕಲ್ಲು ತಾಗದಂತೆ ಎಂಜಿನ್ನಿನ ಹೊಟ್ಟೆಯ ಕೆಳಗೆ ಲೋಹದ ತಗಡನ್ನು ಕಟ್ಟುತ್ತಾರೆ. ಹಳ್ಳದಿಣ್ಣೆಗಳನ್ನು ತಾಳುವ ಗಟ್ಟಿಯಾದ ಸ್ಪ್ರಿಂಗುಗಳನ್ನು ಹಾಕಿ, ದೊಡ್ಡ ಪೆಟ್ರೋಲ್ ತೊಟ್ಟಿಯನ್ನಿಟ್ಟು, ಬೇಡದ ಭಾರವನ್ನೆಲ್ಲ ಕಿತ್ತುಹಾಕುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಕೊಂಚ ಹೆಚ್ಚಿಸುವುದುಂಟು, ಆದರೆ ಅದು ಕೊನೆಯ ಮಾತು. ಮೊದಲ ಮಾತು ತಾಳಿಕೆ. ೧೯೬೫ರಲ್ಲಿ ಪೂರ್ವ ಆಫ್ರಿಕದ ಸಫಾರಿ ರ‍್ಯಾಲಿಯನ್ನು ಗೆದ್ದ ಜೋಗಿಂದರ್ ಸಿಂಗ್ ಅವರ ವೋಲ್ವೊ ಹಿಂದೆಯೇ ಪಂದ್ಯದಲ್ಲಿ ಓಡಿ ದಣಿದಿದ್ದ ಹಳೆಯ ಗಾಡಿಯಾಗಿತ್ತು. ಅದೇ ಪಂದ್ಯವನ್ನು ೧೯೭೩ರಿಂದ ೧೯೮೨ರವರೆಗಿನ ಅವಧಿಯಲ್ಲಿ ಐದು ಸಲ ಗೆದ್ದ ಶೇಖರ್ ಮೆಹತಾ ಅವರೂ ಡಾಟ್ಸನ್ ಕಂಪೆನಿ ಮಾರುಕಟ್ಟೆಗೆ ಬಿಟ್ಟಿದ್ದ ಮಾದರಿಗಳನ್ನೇ ತಿದ್ದಿ ಓಡಿಸಿದವರು. ನಾಲ್ಕು ಜನ ಬಳಸುವ ವಸ್ತುವನ್ನೇ ಆರಿಸಿಕೊಂಡು, ಅದರ ಗುಣವನ್ನು ಅರಿತು, ಒಂದು ಕಠಿಣ ಕಾರ್ಯಕ್ಕೆ ಹದಗೊಳಿಸುವುದೇ ಈ ವಿದ್ಯೆಯ ತಿರುಳು.

ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಈ ವಿದ್ಯೆ ಅಪರಿಚಿತವಲ್ಲ. ಕಾಫಿ ತೋಟಗಳ ನಡುವಣ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆದಿವೆ. ಏಷ್ಯಾ–ಪೆಸಿಫಿಕ್ ಪಂದ್ಯಾವಳಿಯ ಓಟವೂ ಇಲ್ಲಿ ನಡೆದಿದೆ. ಪೇಟೆಯಲ್ಲಿ ನಾವು ದಿನವೂ ಕಾಣುವ ಕಾರುಗಳೇ ಒಳಗೆ ಕಬ್ಬಿಣದ ಪಂಜರ ತೊಟ್ಟು ಧೂಳೆಬ್ಬಿಸುವುದನ್ನು ನೋಡಲು ಜನ ಬೇಲಿಯ ಮೇಲೆ ಹತ್ತಿ ನಿಲ್ಲುತ್ತಾರೆ. ಆದರೆ ಇದೇ ಜಿಲ್ಲೆಯ ಮೂಡಣ ಮೈದಾನದಲ್ಲಿ, ಕಡೂರು, ತರೀಕೆರೆ, ಅಜ್ಜಂಪುರಗಳ ಹುಲ್ಲುಗಾವಲುಗಳಲ್ಲಿ, ಇದೇ ವಿದ್ಯೆ ಮೋಟಾರು ಹುಟ್ಟುವುದಕ್ಕಿಂತ ಬಹಳ ಹಿಂದೆಯೇ ಬೇರೊಂದು ರೂಪದಲ್ಲಿ ಬೆಳೆದಿತ್ತೆಂಬುದನ್ನು ನಾವು ನೆನೆಯುವುದು ಕಡಿಮೆ. ಆ ಗಾಡಿಯ ಎಂಜಿನ್ನು ಹುಲ್ಲು ಮೇಯುತ್ತಿತ್ತು. ಅದರ ಹೆಸರು ಅಮೃತಮಹಲಿನ ಎತ್ತು. ದೂರದ ಓಟದ ಗಾಡಿಯನ್ನು ಕಣ್ಣೆದುರಿಗಿಟ್ಟುಕೊಂಡು ಈ ಎತ್ತಿನ ಚರಿತ್ರೆಯನ್ನು ನೋಡಿದರೆ, ಮೈಸೂರಿನ ಇತಿಹಾಸದ ಒಂದು ಸಂಗತಿ ಹೊಸದಾಗಿ ಹೊಳೆಯುತ್ತದೆ ಎಂದು ನನಗೆ ತೋರುತ್ತದೆ.

ಮೊದಲು 'ಎಲ್ಲರೂ ಬಳಸುವ ಮಾದರಿ' ಯಾವುದೆಂಬುದನ್ನು ನೋಡೋಣ. ಅಮೃತಮಹಲ್ ಎಂಬುದು ಮೂಲದಲ್ಲಿ ಒಂದು ತಳಿಯ ಹೆಸರಲ್ಲ, ಒಂದು ಸರಕಾರಿ ಇಲಾಖೆಯ ಹೆಸರು. ಆ ಇಲಾಖೆಯ ಮಂದೆಗಳಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ರಾಸುಗಳು ಸೇರಿದ್ದವು. ಹಳ್ಳಿಕಾರ್ ರಾಸು ಇಂದಿಗೂ ದಕ್ಷಿಣ ಕರ್ನಾಟಕದ ರೈತನ ಹಟ್ಟಿಯಲ್ಲಿ ಕಾಣುವ ದನ. ನೇಗಿಲು, ಗಾಡಿ, ಕಣ ಎಲ್ಲಕ್ಕೂ ಒಗ್ಗಿದ್ದು. ಇದನ್ನೇ ಮೊದಲ ಮಾದರಿಯೆಂದಿಟ್ಟುಕೊಂಡು ಆರಿಸಿ ಆರಿಸಿ ಬೆಳೆಸಿದಾಗ ಅಮೃತಮಹಲಿನ ಎತ್ತು ರೂಪುಗೊಂಡಿತು: ಉದ್ದನೆಯ ಕಿರಿದಾದ ಮುಖ, ಹಿಂದಕ್ಕೆ ಬಾಗಿ ಮೇಲಕ್ಕೆ ಚಿಮ್ಮಿದ ಚೂಪಾದ ಕೊಂಬು, ಆಳವಾದ ಎದೆ, ಬಿಗಿದ ಹೊಟ್ಟೆ, ತೆಳುವಾದರೂ ಉಕ್ಕಿನಂಥ ಕಾಲು, ಚಿಕ್ಕದಾದ ಗಟ್ಟಿ ಗೊರಸು, ಬೂದು ಬಣ್ಣ. ಬೇಡದ ಭಾರವೆಂಬುದು ಮೈಯಲ್ಲಿ ಎಲ್ಲಿಯೂ ಇಲ್ಲ. ಹೆಚ್ಚು ಹಾಲು ಕೊಡುವ ಗುಣ ಹಸುವಿಗಿಲ್ಲ. ಇರುವ ಹಾಲಿನ ಬಹುಪಾಲು ಕರುವಿಗೇ ಸಲ್ಲುತ್ತಿತ್ತು. ಪಂದ್ಯದ ಕಾರಿನಲ್ಲಿ ಮೆತ್ತೆಯ ಆಸನವನ್ನು ಕಿತ್ತು ಹಗುರಮಾಡುವವರಿಗೆ ಈ ಲೆಕ್ಕಾಚಾರ ಚೆನ್ನಾಗಿ ಅರ್ಥವಾದೀತು.

ಇದರ ಚರಿತ್ರೆಯನ್ನು ಬಿ. ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಸಂಗ್ರಹಿಸಿ ಕೊಟ್ಟಿದ್ದಾರೆ. ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯು ಉತ್ತಮ ಹಸುಗಳನ್ನು ತರಿಸಿ ಒಂದು 'ಕರುಹಟ್ಟಿ'ಯನ್ನು ಇಟ್ಟುಕೊಂಡಿದ್ದನು. ೧೬೧೦ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ಕೈಸೇರಿದಾಗ ಈ ಹಸುಗಳೂ ಮೈಸೂರಿನ ಸ್ವತ್ತಾದವು. ಅನಂತರದ ಅರಸರು ಅವುಗಳ ಮೇವಿಗೆಂದು ನಾಡಿನ ಬೇರೆ ಬೇರೆ ಕಡೆಗಳಲ್ಲಿ ಕಾವಲುಗಳನ್ನು ಬಿಡಿಸಿಕೊಟ್ಟರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದೆಲ್ಲಕ್ಕೂ ಒಂದು ಕಟ್ಟುನಿಟ್ಟಾದ ವ್ಯವಸ್ಥೆಯುಂಟಾಗಿ, ಅದಕ್ಕೆ 'ಬೆಣ್ಣೆಚಾವಡಿ' ಎಂದು ಹೆಸರಾಯಿತು. ಹೆಸರೇ ಹೇಳುವಂತೆ, ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಆಗ ಅದರ ಕೆಲಸ.

ಬೆಣ್ಣೆಯ ಚಾವಡಿಯನ್ನು ಫಿರಂಗಿಯ ಚಾವಡಿಯನ್ನಾಗಿ ಮಾಡಿದವನು ಹೈದರ್ ಅಲಿ. ಹದಿನೆಂಟನೆಯ ಶತಮಾನದ ಯುದ್ಧದಲ್ಲಿ ಕುದುರೆ ಸವಾರರ ವೇಗಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತೋಪಿನ ಗಾಡಿಗಳ ವೇಗಕ್ಕೆ. ಭಾರವಾದ ತೋಪು, ಮದ್ದುಗುಂಡು, ದಿನಸಿ ಇವುಗಳನ್ನು ಎಳೆಯುವ ಸಾಧಾರಣ ಎತ್ತುಗಳು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದರೆ ಹೆಚ್ಚು. ಎಷ್ಟೇ ಶೂರರಿದ್ದರೂ ಸೈನ್ಯದ ನಡಿಗೆಯೆಂದರೆ ಕೊನೆಗೆ ಅದರ ಎತ್ತಿನ ನಡಿಗೆಯೇ. ಈ ಸತ್ಯವನ್ನು ಹೈದರ್ ತನ್ನ ವೈರಿಗಳಿಗಿಂತ ಮೊದಲು ಕಂಡುಕೊಂಡನು. ಪಾಳೆಯಗಾರರನ್ನು ಗೆದ್ದಾಗ ಅವರ ಉತ್ತಮ ರಾಸುಗಳನ್ನೂ ತನ್ನ ಮಂದೆಗಳಿಗೆ ಸೇರಿಸಿದನು. ಟಿಪ್ಪು ಸುಲ್ತಾನನು ಬೆಣ್ಣೆಚಾವಡಿಗೆ 'ಅಮೃತಮಹಲ್' ಎಂಬ ಹೆಸರನ್ನಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು.

ಫಲವೇನಾಯಿತೆಂಬುದಕ್ಕೆ ೧೭೮೧ರ ಜೂನ್ ತಿಂಗಳು ಸಾಕ್ಷಿ. ಸರ್ ಐರ್ ಕೂಟನ ಇಂಗ್ಲಿಷ್ ಸೈನ್ಯವು ಚಿದಂಬರದ ಕೋಟೆಯ ಮೇಲೆ ಬಿದ್ದಿತ್ತು. ಅದರ ನೆರವಿಗೆ ಧಾವಿಸಿದ ಹೈದರನು ಎರಡೂವರೆ ದಿನಗಳಲ್ಲಿ ೧೦೦ ಮೈಲಿಗಳನ್ನು ನಡೆದನು. ನಮ್ಮ ಕಡೂರಿನಿಂದ ಹೊರಟು ತುಮಕೂರನ್ನು ದಾಟಿ ಹೋಗುವಷ್ಟು ದೂರ. ಅದೂ ತೋಪುಗಳನ್ನು ಎಳೆದುಕೊಂಡು, ಬೇಸಗೆ ಇನ್ನೂ ಪೂರ್ತಿ ಇಳಿಯದ ತಮಿಳುನಾಡಿನ ಬಯಲಿನಲ್ಲಿ. ಮರುತಿಂಗಳು ಪೋರ್ಟೊ ನೋವೊದಲ್ಲಿ ಅವನಿಗೆ ಸೋಲಾಯಿತು. ಆದರೆ ಸೋತ ಕಾಳಗಗಳ ಕೊನೆಯಲ್ಲಿಯೂ ಶತ್ರುವಿನ ಕಣ್ಣೆದುರೇ ತನ್ನ ತೋಪುಗಳನ್ನು ಎಳೆದುಕೊಂಡು ಹೋಗಿಬಿಡುತ್ತಿದ್ದ ಅವನ ಸಾಮರ್ಥ್ಯವನ್ನು ಇಂಗ್ಲಿಷ್ ಬರಹಗಾರರೇ ಕೊಂಡಾಡಿದರು. ೧೭೮೩ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದು ತಿಂಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ನಾಡನ್ನೇ ದಾಟಿ ಬಂದದ್ದು, ೧೭೯೦ರಲ್ಲಿ ಜನರಲ್ ಮೆಡೋಸನ ಮುಂದೆ ಎರಡು ದಿನಗಳಲ್ಲಿ ೬೩ ಮೈಲಿ ನಡೆದದ್ದು, ಇವೆಲ್ಲ ಇದೇ ಕಾವಲುಗಳ ಹುಲ್ಲಿನ ಬಲ. ಯುದ್ಧಗಳ ಚರಿತ್ರೆಯನ್ನು ಓದುವಾಗ ನಾವು ಕತ್ತಿಯ ಹೊಳಪನ್ನು ನೋಡುತ್ತೇವೆ, ನೊಗದ ಕಡೆಗೆ ಕಣ್ಣು ಹಾಯಿಸುವುದಿಲ್ಲ.

ಗೆದ್ದವರಂತೂ ನೊಗವನ್ನು ನೋಡಿದರು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರು ಸೀಮೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಈ ಎತ್ತುಗಳನ್ನು ತನ್ನ ದಂಡಯಾತ್ರೆಗಳಲ್ಲಿ ಚೆನ್ನಾಗಿ ಬಳಸಿಕೊಂಡನು. ಮುಂದೆ ವೆಲಿಂಗ್ಟನ್ ಡ್ಯೂಕನಾಗಿ ಹೆಸರಾಂತ ಅವನು, ಸ್ಪೇನಿನ ಯುದ್ಧಗಳಲ್ಲಿ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಲವು ಸಲ ಪರಿತಪಿಸಿದನೆಂದು ರೈಸ್ ಬರೆಯುತ್ತಾರೆ. ೧೮೪೨ರಲ್ಲಿ ಅಫ್ಘಾನಿಸ್ತಾನಕ್ಕೆ ಹೋದ ದಂಡಿನೊಡನೆ ಇನ್ನೂರಕ್ಕೂ ಹೆಚ್ಚು ಮೈಸೂರಿನ ಎತ್ತುಗಳು ಹೋಗಿದ್ದವು. ಅಲ್ಲಿಯ ಕಲ್ಲುದಾರಿಗಳಲ್ಲಿ ಕೆಲವು ದಿನ ಹದಿನಾರು ಗಂಟೆಗಳ ಕಾಲ ನೊಗದಡಿಯಲ್ಲೇ ಇದ್ದರೂ ಅವು ಕೈಬಿಡಲಿಲ್ಲವಂತೆ. ನೂರಿಪ್ಪತ್ತಾರು ವರ್ಷಗಳ ಅನಂತರ ಲಂಡನ್–ಸಿಡ್ನಿ ಕಾರುಗಳು ಹಾದುಹೋದ ಕಾಬೂಲ್ ದೇಶವೇ ಅದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ತಾಳಿಕೆ ಎತ್ತಿನ ರಕ್ತದಲ್ಲಿತ್ತೆ, ಅಥವಾ ಬೇರೆಲ್ಲಿಯಾದರೂ ಇತ್ತೆ? ದೂರದ ಓಟದ ಕಾರಿನ ವಿಷಯದಲ್ಲಿ ಬಲ್ಲವರು ಹೇಳುವ ಮಾತೊಂದಿದೆ. ಪಂದ್ಯವನ್ನು ಗೆಲ್ಲಿಸುವವನು ಚಾಲಕನೊಬ್ಬನೇ ಅಲ್ಲ. ದಾರಿಯುದ್ದಕ್ಕೂ ಚಕ್ರ, ಎಣ್ಣೆ, ಉಪಕರಣಗಳೊಡನೆ ಕಾದು ನಿಂತ ಮೆಕ್ಯಾನಿಕ್ಕುಗಳೂ ಅಷ್ಟೇ ಗೆಲ್ಲಿಸುತ್ತಾರೆ. ಅಮೃತಮಹಲಿಗೆ ಆ ಆಸರೆಯಾಗಿದ್ದುದು ಕಾವಲು. ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಲಾಗಿತ್ತು. ಮಳೆ ಬಂದಾಗ ಬಯಲ ಹುಲ್ಲು ಸಾಕಷ್ಟು. ಬೇಸಗೆಯಲ್ಲಿ ನೆರಳಿನ ಮರಗಳೂ ನೀರೂ ಇರುವ, ಕೆರೆಯಂಗಳದ ಹಸುರು ಸಿಗುವ ಕಡೆಗೆ ಮಂದೆ ಹೋಗಬೇಕು. ಹೀಗೆ ಋತುವಿನೊಡನೆ ನಡೆಯುತ್ತ ನಡೆಯುತ್ತಲೇ ಕರು ಬೆಳೆಯಿತು. ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದ ದನಕ್ಕೆ ಆ ಕಾಲು, ಆ ಗೊರಸು, ಆ ಉಸಿರು ಬರುವಂತಿರಲಿಲ್ಲ.

ಭೂಪಟವನ್ನು ತೆರೆದು ನೋಡಿದರೆ ಈ ಮೂರು ಊರುಗಳ ಸೀಮೆ ಇದಕ್ಕೆ ಏಕೆ ಹೇಳಿಮಾಡಿಸಿದಂತಿತ್ತೆಂಬುದು ತಿಳಿಯುತ್ತದೆ. ಬಾಬಾ ಬುಡನ್ ಬೆಟ್ಟಗಳು ಮುಂಗಾರನ್ನು ತಡೆದು ನಿಲ್ಲಿಸುತ್ತವೆ. ಬೆಟ್ಟದ ಸೆರಗಿನಲ್ಲಿರುವ ತರೀಕೆರೆ ಅರೆಮಲೆನಾಡು. ಅಲ್ಲಿಂದ ಒಂದು ದಿನದ ನಡಿಗೆಯಲ್ಲಿ ಅಜ್ಜಂಪುರದ ಎರೆಮಣ್ಣಿನ ಬಯಲು. ದಕ್ಷಿಣಕ್ಕೆ ಸರಿದರೆ ಕಡೂರಿನ ಒಣ ಮೈದಾನ. ಆದರೆ ಅದರ ಮಗ್ಗುಲಲ್ಲಿಯೇ ಮದಗದ ಕೆರೆ, ಅಯ್ಯನಕೆರೆಯಂಥ ಹಿರಿಯ ಕೆರೆಗಳು. ಮಳೆ, ಮಣ್ಣು, ನೀರುಗಳ ಇಷ್ಟು ವ್ಯತ್ಯಾಸ ಇಷ್ಟು ಹತ್ತಿರದಲ್ಲಿ ಸಿಗುವ ಕಡೆ ಮಂದೆಯನ್ನು ಹೊಡೆದುಕೊಂಡು ಹೋಗುವುದೇ ಒಂದು ಶಾಸ್ತ್ರವಾಗಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಆ ಶಾಸ್ತ್ರವನ್ನು ಬಲ್ಲವರು ದರೋಗರು, ಸೇರ್ವೇಗಾರರು, ಅವರ ಕೈಕೆಳಗಿನ ದನಗಾಹಿಗಳು. ಹೊರಗಿನವರನ್ನು ಕಂಡರೆ ಕೊಂಬು ತಿರುಗಿಸುವ ಈ ರಾಸುಗಳು ತಮ್ಮ ಕಾವಲುಗಾರನ ಕೂಗಿಗೆ ಓಡಿ ಬರುತ್ತಿದ್ದವು. ಅವರಾರ ಹೆಸರೂ ಯುದ್ಧದ ಚರಿತ್ರೆಗಳಲ್ಲಿಲ್ಲ.

ಈ ತಿಳಿವಳಿಕೆ ಕೈತಪ್ಪಿದಾಗ ಏನಾಗುತ್ತದೆಂಬುದನ್ನು ಹತ್ತೊಂಬತ್ತನೆಯ ಶತಮಾನ ಎರಡು ಸಲ ತೋರಿಸಿಕೊಟ್ಟಿತು. ಟಿಪ್ಪುವಿನ ಪತನದ ಅನಂತರದ ವರ್ಷಗಳಲ್ಲಿ ಮಂದೆಗಳು ಕ್ಷೀಣಿಸಿದವು. ೧೮೧೩ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆಯನ್ನು ಮೇಲ್ವಿಚಾರಣೆಗೆ ನೇಮಿಸಿದ ಮೇಲೆ, ಹತ್ತು ವರ್ಷಗಳಲ್ಲಿ ರಾಸುಗಳ ಸಂಖ್ಯೆ ಇಮ್ಮಡಿಯಾಯಿತು. ಎರಡನೆಯ ಸಲ ಆದದ್ದು ಇನ್ನೂ ಕಠಿಣವಾದ ಪಾಠ. ೧೮೬೦ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ನನು ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನೇ ಮುಚ್ಚಿಸಿದನು. ಮಂದೆಗಳನ್ನು ಮಾರಿಬಿಟ್ಟರು. ಎತ್ತು ಬೇಕಾದರೆ ಸಂತೆಯಲ್ಲಿ ಕೊಂಡರಾಯಿತು ಎಂಬುದು ಆಗಿನ ತರ್ಕ. ಸಂತೆಯಲ್ಲಿ ಎತ್ತುಗಳೇನೋ ಇದ್ದವು. ತೋಪಿನ ಎತ್ತು ಇರಲಿಲ್ಲ. ಆರು ವರ್ಷಗಳೊಳಗೆ ತಪ್ಪು ಅರಿವಾಗಿ, ೧೮೬೬ರಲ್ಲಿ ಅಳಿದುಳಿದ ರಾಸುಗಳನ್ನು ಹುಡುಕಿ ತಂದು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಕಟ್ಟಲು ಸಾಧ್ಯವಾದದ್ದಾದರೂ ಏಕೆ? ಮಾರಿದ್ದು ಮಂದೆಯನ್ನು ಮಾತ್ರ. ಕಾವಲಿನ ನೆಲ ಇನ್ನೂ ಉಳಿದಿತ್ತು, ದನಗಾಹಿಗಳ ಅರಿವೂ ಉಳಿದಿತ್ತು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ.

೧೮೮೦ರ ದಶಕದಲ್ಲಿ ಅಮೃತಮಹಲ್ ಮತ್ತೆ ಮೈಸೂರು ಸರಕಾರದ ಕೈಸೇರಿತು. ಅದೇ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ದಾರಿ ಬಂದಿತು. ಕಡೂರು, ಬೀರೂರು, ಅಜ್ಜಂಪುರಗಳ ನಿಲ್ದಾಣಗಳು ಎದ್ದವು. ೧೮೯೯ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲುದಾರಿಯೂ ಆಯಿತು. ತೋಪನ್ನು ಎಳೆಯುವ ಎತ್ತು ಮೇಯುತ್ತಿದ್ದ ಹುಲ್ಲಿನ ನಡುವೆಯೇ, ಆ ಎತ್ತಿನ ಕೆಲಸವನ್ನು ಕಸಿದುಕೊಳ್ಳುವ ಯಂತ್ರ ಹೊಗೆಯುಗುಳುತ್ತ ಹಾದುಹೋಯಿತು. ಹಿಂದೆಯೇ ಮೋಟಾರು ಲಾರಿ ಬಂದಿತು, ಸೈನ್ಯಕ್ಕೆ ಎತ್ತು ಬೇಡವಾಯಿತು. ಇಲಾಖೆ ದಂಡಿನಿಂದ ಕೃಷಿಗೂ ಪಶುಪಾಲನೆಗೂ ದಾಟಿತು. ೧೯೨೦ರ ದಶಕದ ಕೊನೆಗೆ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ನೆಲೆಗೊಂಡಿತು. ಬೀರೂರು, ಬಾಸೂರು, ಲಿಂಗದಹಳ್ಳಿಗಳಲ್ಲಿ ಅದರ ಶಾಖೆಗಳಾದವು. ಇಂದಿಗೂ ಅಜ್ಜಂಪುರದಲ್ಲಿ ಹೋರಿಕರುಗಳ ಹರಾಜು ನಡೆದಾಗ ಹಲವು ಜಿಲ್ಲೆಗಳ ರೈತರು ಬಂದು ಸೇರುತ್ತಾರೆ, ಜೋಡಿಯ ಬೆಲೆ ಲಕ್ಷ ರೂಪಾಯಿಗಳನ್ನು ದಾಟಿದ್ದುಂಟು. ಟ್ರಾಕ್ಟರು ಬಂದ ಮೇಲೂ ಅಷ್ಟು ಹಣ ತೆತ್ತು ಎತ್ತು ಕೊಳ್ಳುವವನು ಹಿಂದುಳಿದವನೆಂದು ನಗುವುದು ಸುಲಭ. ಅವನ ಕಣ್ಣಿಗೆ ಕಾಣುವ ಚೆಲುವು ನಮಗೆ ಕಾಣುವುದಿಲ್ಲವೆಂದು ತಿಳಿಯುವುದು ಹೆಚ್ಚು ನ್ಯಾಯ.

ಕಾವಲುಗಳ ಕಥೆ ಹೀಗಿಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ಇನ್ನೂರಕ್ಕೂ ಹೆಚ್ಚು ಕಾವಲುಗಳು, ನಾಲ್ಕು ಲಕ್ಷ ಎಕರೆಗಳನ್ನು ಮೀರಿ ಹರಡಿದ್ದವು. ಇಂದು ಲೆಕ್ಕದಲ್ಲಿ ಉಳಿದಿರುವುದು ಅದರ ಆರನೆಯ ಒಂದು ಪಾಲಿನ ಆಸುಪಾಸು. ಆಹಾರ ಬೆಳೆಯ ಆಂದೋಲನದ ಕಾಲದಲ್ಲಿ ಕೆಲವು ಸಾಗುವಳಿಗೆ ಹೋದವು, ಭೂಹೀನರಿಗೆ ಕೆಲವು ಸಂದವು, ನೀಲಗಿರಿಯ ನೆಡುತೋಪುಗಳಾದವು ಕೆಲವು. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ೨೦೦೯ರಿಂದೀಚೆಗೆ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋದದ್ದು, ಅಲ್ಲಿಯ ಹಳ್ಳಿಗರು ಹಸಿರು ನ್ಯಾಯಾಧಿಕರಣದ ಬಾಗಿಲು ತಟ್ಟಿದ್ದು ಎಲ್ಲರಿಗೂ ಗೊತ್ತು. ಇವುಗಳಲ್ಲಿ ಒಂದೊಂದು ಕಾರಣವೂ ತನ್ನಷ್ಟಕ್ಕೆ ತಾನು ಸಣ್ಣದಲ್ಲ. ಉಣ್ಣುವವನಿಗೆ ಅನ್ನ ಬೇಕು, ಭೂಮಿಯಿಲ್ಲದವನಿಗೆ ಭೂಮಿ ಬೇಕು. ಆದರೆ ಪ್ರತಿಸಲವೂ ಕಡತದಲ್ಲಿ ಕಾವಲು 'ಬರಡು ಭೂಮಿ'ಯೆಂದು ಕಾಣಿಸಿಕೊಂಡಿತು. ಹುಲ್ಲಲ್ಲದೆ ಬೇರೇನೂ ಬೆಳೆಯದ ನೆಲ ಬರಡು ಎಂಬ ಈ ತಿಳಿವಳಿಕೆ, ಸಂತೆಯಲ್ಲಿ ಎತ್ತು ಸಿಕ್ಕೀತೆಂದ ೧೮೬೦ರ ತರ್ಕದ ತಮ್ಮ.

ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೆ ಮಾತ್ರ ೨೦೧೧ರಲ್ಲಿ ಸಂರಕ್ಷಿತ ಪ್ರದೇಶವೆಂಬ ಭಾಗ್ಯ ದೊರೆಯಿತು. ಅಲ್ಲಿ ಕೃಷ್ಣಮೃಗಗಳಿವೆ, ತೋಳಗಳಿವೆ. ಎತ್ತಿಗೆಂದು ಕಾಯ್ದಿಟ್ಟ ಹುಲ್ಲು ಕಾಡುಪ್ರಾಣಿಗಳಿಗೂ ಮನೆಯಾಗಿತ್ತೆಂಬುದು ನಮಗೆ ತಿಳಿದದ್ದು ಹುಲ್ಲು ಮುಗಿಯುತ್ತ ಬಂದ ಮೇಲೆ.

ಇಲ್ಲಿಗೆ ಕಾರಿನ ಹೋಲಿಕೆ ತನ್ನ ಎಲ್ಲೆಯನ್ನು ಮುಟ್ಟುತ್ತದೆ. ಹಿಲ್‌ಮನ್ ಹಂಟರಿನ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಆದರೂ ನಕ್ಷೆಯಿದ್ದರೆ, ಲೋಹವಿದ್ದರೆ, ಹಣವೂ ಹಟವೂ ಇದ್ದರೆ, ಅಂಥದೊಂದು ಗಾಡಿಯನ್ನು ಇಂದು ಮತ್ತೆ ಕಟ್ಟಿ ದಾರಿಗಿಳಿಸಬಹುದು. ಹಳೆಯ ಕಾರುಗಳ ಅಭಿಮಾನಿಗಳು ಮಾಡುತ್ತಿರುವುದೂ ಅದನ್ನೇ. ಅಮೃತಮಹಲಿನ ಎತ್ತಿಗೆ ನಕ್ಷೆಯಿಲ್ಲ. ಅದರ ನಕ್ಷೆ ಮೂರು ಋತುಗಳ ಹುಲ್ಲಿನಲ್ಲಿ, ಕೆರೆಯಂಗಳದ ದಾರಿಯಲ್ಲಿ, ದನಗಾಹಿಯ ಕೂಗಿನಲ್ಲಿ ಬರೆದಿದೆ. ಬೀಜವನ್ನು ಶೀತಪೆಟ್ಟಿಗೆಯಲ್ಲಿ ಕಾಪಾಡಬಹುದು, ನಡಿಗೆಯನ್ನು ಕಾಪಾಡಲಾಗದು. ೧೮೬೬ರಲ್ಲಿ ಮಂದೆಯನ್ನು ಮತ್ತೆ ಕಟ್ಟಿದವರಿಗೆ ನೆಲ ಉಳಿದಿತ್ತು. ನಾವು ಮಂದೆಯನ್ನು ಅಜ್ಜಂಪುರದಲ್ಲಿ ಅಭಿಮಾನದಿಂದ ಉಳಿಸಿಕೊಂಡಿದ್ದೇವೆ, ಕಳೆದುಕೊಳ್ಳುತ್ತಿರುವುದು ನೆಲವನ್ನು.

ರೈಲಿನಲ್ಲಿ ಬೀರೂರನ್ನು ದಾಟಿ ಅಜ್ಜಂಪುರದತ್ತ ಹೋಗುವಾಗ ಕಿಟಕಿಯಾಚೆ ಬಯಲಿನಲ್ಲಿ ಬೂದು ಬಣ್ಣದ ಮಂದೆಯೊಂದು ಕಂಡರೆ, ದಯವಿಟ್ಟು ಒಂದು ಗಳಿಗೆ ಪುಸ್ತಕವನ್ನು ಮುಚ್ಚಿ ನೋಡಿ. ರೈಲಿನ ಸದ್ದಿಗೆ ಅವು ತಲೆಯೆತ್ತುತ್ತವೆ, ಕೊಂಬುಗಳು ಒಟ್ಟಿಗೆ ಒಂದೇ ಕಡೆಗೆ ತಿರುಗುತ್ತವೆ. ಅವುಗಳ ಸುತ್ತ ಇನ್ನೂ ಎಷ್ಟು ಹುಲ್ಲು ಉಳಿದಿದೆ ಎಂಬುದನ್ನೂ ಜೊತೆಗೇ ನೋಡಿಕೊಳ್ಳಿ.